ಯು.ಎಸ್. ಓಪನ್ ನೋಡೋದಾ, ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ನೋಡೋದಾ?

ಅಮೆರಿಕದ ಪಿಬಿಎ (ವೃತ್ತಿಪರ ಬೌಲರ್‌ಗಳ ಸಂಘ) ನಡೆಸುವ, ಚೆಂಡು ಉರುಳಿಸಿ ಹತ್ತು ಪಿನ್ ಬೀಳಿಸುವ ಬೌಲಿಂಗ್ ಸೀಸನ್‌ನಲ್ಲಿ ಒಂದೇ ಟೂರ್ನಿ ನೋಡಲು ಪುರುಸೊತ್ತಿದೆಯೇ? ಹಾಗಾದರೆ ಆಯ್ಕೆ ಈ ಎರಡರ ನಡುವೆ.

ಟೂರ್ನಮೆಂಟ್ ಆಫ್ ಚಾಂಪಿಯನ್ಸ್ ಹೆಸರೇ ಹೇಳುವಂತೆ ಗೆದ್ದವರ ಕೂಟ. 2010ರಲ್ಲಿ ಇಲ್ಲೇ ಕೆಲ್ಲಿ ಕುಲಿಕ್ ಅವರು ಕ್ರಿಸ್ ಬಾರ್ನ್ಸ್ ಅವರನ್ನು 265-195ರಿಂದ ಸೋಲಿಸಿ, ಪಿಬಿಎ ಟೂರ್ ಪ್ರಶಸ್ತಿ ಗೆದ್ದ ಮೊದಲ ಮಹಿಳೆಯಾದರು. ಹೊಸಬರಿಗೆ ಇದೇ ಸರಿ.

ಯು.ಎಸ್. ಓಪನ್ ಮಜಾ ಇರುವುದು ಚೆಂಡು ಉರುಳುವ ಹಾದಿಗೆ, ಅಂದರೆ ಲೇನ್‌ಗೆ ಬಳಿಯುವ ಎಣ್ಣೆಯಲ್ಲಿ. ಮಾಲ್‌ನ ಲೇನ್‌ನಲ್ಲಿ ನಡುವೆ ಎಣ್ಣೆ ಜಾಸ್ತಿ, ಅಂಚಿನಲ್ಲಿ ಕಡಿಮೆ. ಚೆಂಡು ಸ್ವಲ್ಪ ಹೊರಗೆ ಹೋದರೂ ಒಣ ಜಾಗ ಸಿಕ್ಕಿ ತಿರುಗಿ ಬರುತ್ತದೆ. ಓಪನ್‌ನಲ್ಲಿ ಎಣ್ಣೆಯನ್ನು ಅಡ್ಡಡ್ಡಕ್ಕೆ ಹೆಚ್ಚುಕಡಿಮೆ ಒಂದೇ ಸಮ ಹಾಕುತ್ತಾರೆ. ಇದಕ್ಕೆ ಫ್ಲಾಟ್ ಅನ್ನುತ್ತಾರೆ. ಕ್ರಿಕೆಟ್‌ನಲ್ಲಿ ಫ್ಲಾಟ್ ಅಂದರೆ ರನ್ ಹಬ್ಬ, ಇಲ್ಲಿ ಉಲ್ಟಾ! ಗುರಿ ಚೂರು ತಪ್ಪಿದರೂ ಚೆಂಡು ಕಾಪಾಡುವುದಿಲ್ಲ. ಎರಡು ಕೈಯಲ್ಲಿ ಎಸೆಯುವ ಸ್ಟಾರ್ ಬೌಲರ್ ಜೇಸನ್ ಬೆಲ್ಮಾಂಟೆಗೂ ಇದು ಒಲಿದದ್ದು 2020ರಲ್ಲಿ. ಅಷ್ಟರಲ್ಲಿ ಅವರು ಚಾಂಪಿಯನ್ಸ್ ಟೂರ್ನಿಯನ್ನು ಮೂರು ಸಲ ಗೆದ್ದಾಗಿತ್ತು.

ಸ್ಟ್ರೈಕ್‌ಗಳ (ಮೊದಲ ಎಸೆತಕ್ಕೇ ಎಲ್ಲ ಪಿನ್ ಬೀಳುವುದು) ಸುರಿಮಳೆ ಬೇಕು ಅನ್ನುವವರಿಗೆ ಓಪನ್ ಸಪ್ಪೆ ಅನಿಸಬಹುದು. ಆದರೂ ನನ್ನ ಓಟು ಓಪನ್‌ಗೇ.