ಒಂದೇ ಟಯರ್ ಹೋದಾಗ: ತಲಪಾಡಿಯಿಂದ ಕಾಸರಗೋಡಿನವರೆಗಿನ ಟಯರ್ ಅಂಗಡಿಗಳ ವಿಮರ್ಶೆ

ನಾಲ್ಕು ಹೊಸ ಟಯರ್ ಕೊಳ್ಳುವ ಗಿರಾಕಿಯನ್ನು ಎಲ್ಲ ಅಂಗಡಿಯವರೂ ಚೆನ್ನಾಗಿಯೇ ಮಾತಾಡಿಸುತ್ತಾರೆ. ಬದಿ ಹರಿದ ಒಂದೇ ಟಯರ್ ಹಿಡಿದುಕೊಂಡು ಹೋದಾಗಲೇ ಅಂಗಡಿಯ ಬಂಡವಾಳ ಬಯಲಾಗುವುದು. ಕೆಲವರು ಕಾರಿನತ್ತ ಕಣ್ಣೂ ಹಾಯಿಸದೆ ‘ಎರಡು ಹಾಕ್ಲೇಬೇಕು’ ಎನ್ನುತ್ತಾರೆ. ಇನ್ನು ಕೆಲವರು ಸೈಜ್ ಒಂದನ್ನು ಕೇಳಿ, ಕೈಗೆ ಸಿಕ್ಕಿದ ಬ್ರ್ಯಾಂಡನ್ನು ಜಡಿದು ಕಳಿಸುತ್ತಾರೆ. ಸರಿಯಾದ ಉತ್ತರ ಈ ಎರಡರಲ್ಲೂ ಇಲ್ಲ. ಅದು ಹಾಳಾದ ಟಯರಿನ ಜೋಡಿಯಲ್ಲಿ, ಅಂದರೆ ಅದೇ ಆಕ್ಸಲ್‌ನ ಆಚೆ ಬದಿಯ ಟಯರಿನಲ್ಲಿ ಇದೆ.

ಈ ಭಾಗದಲ್ಲಿ ಟಯರ್ ಹಾಳಾಗುವ ಬಗೆಯೂ ಹೆಚ್ಚಾಗಿ ಒಂಟಿಯೇ. ರಾಷ್ಟ್ರೀಯ ಹೆದ್ದಾರಿ 66ರ ಸರ್ವಿಸ್ ರೋಡುಗಳಲ್ಲಿ ಕಾಂಕ್ರೀಟಿನ ಚೂಪು ಅಂಚು, ಸರಳಿನ ತುಂಡು. ಒಳಗೆ ಬದಿಯಡ್ಕ, ಪೆರ್ಲ, ಮುಳ್ಳೇರಿಯದ ಕಡೆ ಮಳೆಗೆ ಮಣ್ಣು ಕೊಚ್ಚಿಹೋಗಿ ಡಾಮರಿನ ಪಕ್ಕ ಎದ್ದು ನಿಂತ ಮುರಕಲ್ಲು. ಎದುರಿನ ಬಸ್ಸಿಗೆ ದಾರಿ ಬಿಡಲು ಎಡಕ್ಕೆ ಇಳಿಸಿದರೆ ಮುಂದಿನ ಎಡ ಟಯರಿನ ಸೈಡ್‌ವಾಲ್ ಸೀಳುತ್ತದೆ, ಇಲ್ಲವೇ ಒಳಗಿನ ನೂಲು ತುಂಡಾಗಿ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದ ಟಯರಿಗೆ ರಿಪೇರಿ ಇಲ್ಲ, ಎಷ್ಟೇ ಹೊಸದಿರಲಿ. ನಡುಭಾಗದ ಗ್ರಿಪ್‌ನಲ್ಲಿ 6 ಮಿ.ಮೀ.ಗಿಂತ ಚಿಕ್ಕ ತೂತಾದರೆ, ಟಯರ್ ಕಳಚಿ ಒಳಗಿನಿಂದ ಅಣಬೆಯಾಕಾರದ ಪ್ಯಾಚ್ ಹಾಕಿಸಿ ಮುಂದುವರಿಸಬಹುದು. ಹೊರಗಿನಿಂದ ತುರುಕುವ ರಬ್ಬರ್ ಬತ್ತಿ ಮನೆ ಮುಟ್ಟುವವರೆಗಿನ ಉಪಾಯ ಅಷ್ಟೇ. ಗ್ರಿಪ್ ಮುಗಿದು ಸೈಡ್‌ವಾಲ್ ಶುರುವಾಗುವ ಭುಜದ ಭಾಗಕ್ಕೂ ಸೈಡ್‌ವಾಲಿಗೂ ಪ್ಯಾಚ್ ಹಾಕಿ ಕೊಡುವವರಿದ್ದಾರೆ. ಅಂಥವರಿಗೆ ಈ ವಿಮರ್ಶೆಯಲ್ಲಿ ಸೊನ್ನೆ.

ಬದಲಿಸಲೇಬೇಕು ಎಂದಾದ ಮೇಲೆ ಮೊದಲು ಹೊರಬರಬೇಕಾದದ್ದು ಗ್ರಿಪ್‌ನ ಆಳ ಅಳೆಯುವ ಡೆಪ್ತ್ ಗೇಜ್, ಬೆಲೆಪಟ್ಟಿ ಅಲ್ಲ. ಹೊಸ ಕಾರ್ ಟಯರಿನ ಗ್ರಿಪ್ ಸುಮಾರು 8 ಮಿ.ಮೀ. ಆಳ; ಕಾನೂನಿನ ಕೊನೆಯ ಗೆರೆ 1.6 ಮಿ.ಮೀ. ಕಾಲುವೆಯೊಳಗೆ ಅಡ್ಡಡ್ಡ ಕಾಣುವ ಸಣ್ಣ ದಿಂಡುಗಳ ಎತ್ತರವೂ ಅಷ್ಟೇ. ಜೋಡಿ ಟಯರನ್ನು ಒಳಗೆ, ನಡುವೆ, ಹೊರಗೆ ಮೂರು ಕಡೆ ಅಳೆಯಬೇಕು. 6 ಮಿ.ಮೀ. ಅಥವಾ ಹೆಚ್ಚು ಉಳಿದಿದ್ದರೆ ಒಂದೇ ಟಯರ್ ಸಾಕು. ಎರಡು ಮಾರಲು ಬಂದವರಿಗೆ ಬೇಡವೆನ್ನಿ. 4ಕ್ಕೆ ಇಳಿದಿದ್ದರೆ ಜೋಡಿಯನ್ನೇ ಬದಲಿಸುವುದು ಒಳ್ಳೆಯದು. ನಡುವಿನ 4ರಿಂದ 6ರ ಜಾಗದಲ್ಲಿ ಅಂಗಡಿಯವರ ತಲೆ ಓಡಬೇಕು.

ಹೀಗೇಕೆಂಬುದಕ್ಕೆ ಲೆಕ್ಕ ಸರಳ. 185/65 ಆರ್ 15 (ಅಗಲ 185 ಮಿ.ಮೀ., ಸೈಡ್‌ವಾಲಿನ ಎತ್ತರ ಅದರ ಶೇಕಡಾ 65, ಚಕ್ರ 15 ಇಂಚು) ಟಯರಿನ ವ್ಯಾಸ 621.5 ಮಿ.ಮೀ., ಸುತ್ತಳತೆ ಸುಮಾರು 1952 ಮಿ.ಮೀ. 4 ಮಿ.ಮೀ. ಸವೆದರೆ ಸುತ್ತಳತೆ 25 ಮಿ.ಮೀ. ಕಡಿಮೆಯಾಗುತ್ತದೆ. ಹೊಸತು ಕಿಲೋಮೀಟರಿಗೆ 512 ಸುತ್ತು ತಿರುಗಿದರೆ ಹಳೆಯದು ಹತ್ತಿರಹತ್ತಿರ 519. ಇವೆರಡನ್ನೂ ಮುಂದಿನ ಆಕ್ಸಲ್‌ಗೆ ಹಾಕಿದರೆ, ಕಾಸರಗೋಡಿನಿಂದ ಮಂಗಳೂರು ತಲುಪುವುದರೊಳಗೆ ಮುನ್ನೂರಕ್ಕೂ ಹೆಚ್ಚು ಸುತ್ತಿನ ವ್ಯತ್ಯಾಸವನ್ನು ಡಿಫರೆನ್ಷಿಯಲ್ (ಎಡ ಬಲ ಚಕ್ರಗಳು ಬೇರೆಬೇರೆ ವೇಗದಲ್ಲಿ ತಿರುಗಲು ಬಿಡುವ ಗೇರು) ಒಂದೇ ನುಂಗಿಕೊಳ್ಳಬೇಕು. ನೇರ ರಸ್ತೆಯಲ್ಲೂ ಅದಕ್ಕೆ ಬಿಡುವಿಲ್ಲ. ಸಾಮಾನ್ಯ ಕಾರಿನಲ್ಲಿ ಅದು ನಾಳೆಯೇ ಮುರಿದು ಬೀಳುವುದಿಲ್ಲ, ಆದರೆ ಸ್ಟಿಯರಿಂಗ್ ಒಂದು ಕಡೆಗೆ ಎಳೆಯಬಹುದು, ನೀರು ನಿಂತ ರಸ್ತೆಯಲ್ಲಿ ಬ್ರೇಕ್ ಒತ್ತಿದಾಗ ಎರಡು ಬದಿಯ ಹಿಡಿತ ಬೇರೆಬೇರೆ ಆಗುತ್ತದೆ. ವರ್ಷಕ್ಕೆ 3000 ಮಿ.ಮೀ. ಮೀರಿ ಮಳೆ ಸುರಿಯುವ ಜಿಲ್ಲೆಯಲ್ಲಿ ಎರಡನೆಯದೇ ದೊಡ್ಡ ಚಿಂತೆ. ನಾಲ್ಕೂ ಚಕ್ರಕ್ಕೆ ಸದಾ ಶಕ್ತಿ ಹೋಗುವ ಗಾಡಿಗಳಲ್ಲಿ ಮಾತ್ರ ಮುಂದು ಹಿಂದಿನ ವ್ಯತ್ಯಾಸವೂ ಲೆಕ್ಕಕ್ಕೆ ಬರುತ್ತದೆ. ಅಲ್ಲಿ ಒಂದೂವರೆ ಮಿ.ಮೀ.ಗಿಂತ ಹೆಚ್ಚು ಅಂತರ ಬೇಡ, ಮ್ಯಾನುವಲ್ ಇನ್ನೂ ಬಿಗಿ ಹೇಳಿದ್ದರೆ ಅದೇ ಅಂತಿಮ.

ತಲೆ ಓಡಿಸುವುದೆಂದರೆ ಹೀಗೆ. ಮುಂದಿನ ಎಡ ಟಯರ್ ಹರಿದಿದೆ, ಬಲದ್ದು 4 ಮಿ.ಮೀ., ಹಿಂದಿನವು 6 ಮತ್ತು 6. ಹೊಸದನ್ನು ನೇರ ಮುಂದಕ್ಕೆ ಹಾಕಿದರೆ 8ರ ಪಕ್ಕ 4 ಬರುತ್ತದೆ. ಎರಡು ಕೊಂಡು ಹಿಂದಕ್ಕೆ ಹಾಕಿ, ಹಿಂದಿನ 6ರ ಜೋಡಿಯನ್ನು ಮುಂದಕ್ಕೆ ತಂದು, ಉಳಿದ 4ರದ್ದನ್ನು ಡಿಕ್ಕಿಗೆ ಸೇರಿಸಿದರೆ ಎರಡೂ ಆಕ್ಸಲ್ ಸಮ. ಕೈ ಬಿಗಿಯಿದ್ದು ಒಂದೇ ಕೊಳ್ಳುವುದಾದರೆ ಹಿಂದೆ 8 ಮತ್ತು 6, ಮುಂದೆ 6 ಮತ್ತು 4. ಅಂತರ ಎರಡೆರಡಕ್ಕೆ ಇಳಿಯುತ್ತದೆ. ಆಳ ಹೆಚ್ಚಿರುವ ಜೋಡಿ ಹಿಂದಕ್ಕೇ ಹೋಗಬೇಕು. ‘ಇಂಜಿನ್ ಮುಂದೆ ಉಂಟಲ್ಲ, ಹೊಸತು ಮುಂದೆ ಇರಲಿ’ ಎನ್ನುವುದು ಇಲ್ಲಿ ಬಹಳ ಕಡೆ ಕೇಳುವ ಮಾತು. ಆದರೆ ಮಳೆಯಲ್ಲಿ ಮುಂದಿನ ಟಯರ್ ಜಾರಿದರೆ ಆಕ್ಸಿಲರೇಟರ್ ಬಿಟ್ಟು ಸಂಭಾಳಿಸಬಹುದು, ಹಿಂದಿನದು ಜಾರಿದರೆ ಕಾರು ಗಿರಕಿ ಹೊಡೆಯುತ್ತದೆ. ಇನ್ನೊಂದು ದಾರಿ ಡಿಕ್ಕಿಯಲ್ಲೇ ಇರಬಹುದು: ಸ್ಟೆಪ್ನಿ ಅದೇ ಸೈಜು, ಅದೇ ಪ್ಯಾಟರ್ನ್ (ಗ್ರಿಪ್‌ನ ವಿನ್ಯಾಸ) ಆಗಿದ್ದರೆ ಅದನ್ನೂ ಹೊಸದೊಂದನ್ನೂ ಜೋಡಿ ಮಾಡಬಹುದು. ಮೊದಲು ಅದರ ವಯಸ್ಸು ನೋಡಿ. ಸೈಡ್‌ವಾಲಿನ ಮೇಲೆ ಅಂಡಾಕಾರದ ಚೌಕಟ್ಟಿನೊಳಗೆ 3224 ಎಂದಿದ್ದರೆ 2024ರ 32ನೇ ವಾರದ್ದು. ಐದು ವರ್ಷ ದಾಟಿದ್ದರೆ ಬಿರುಕಿದೆಯೇ ಎಂದು ಬೆಳಕಿನಲ್ಲಿ ಪರೀಕ್ಷಿಸಬೇಕು, ಹತ್ತು ದಾಟಿದ್ದು ಓಡದಿದ್ದರೂ ಗುಜರಿಯೇ. ಅಲಾಯ್ ಇರುವ ಎಷ್ಟೋ ಕಾರುಗಳಲ್ಲಿ ಸ್ಟೆಪ್ನಿ ಚಿಕ್ಕ ಸೈಜಿನ ಉಕ್ಕಿನ ಡಿಸ್ಕಿನದು (ಡಿಸ್ಕ್ ಎಂದರೆ ಟಯರ್ ಕೂರುವ ಲೋಹದ ಚಕ್ರ). ಅದು ಈ ಆಟಕ್ಕೆ ಸೇರುವುದಿಲ್ಲ.

ಅಂಗಡಿಗಳ ಮಾತಿಗೆ ಬರೋಣ. ಕಾಸರಗೋಡು, ವಿದ್ಯಾನಗರ, ಕುಂಬಳೆ, ಉಪ್ಪಳದಲ್ಲಿ ಸಿಗುವ ಸೇವೆ ಮೂರು ತರಹದ್ದು. ಬೋರ್ಡು ಮಲಯಾಳದಲ್ಲಿ, ಮಾತು ತುಳುವಿನಲ್ಲಿ, ಬಿಲ್ಲು ಇಂಗ್ಲಿಷಿನಲ್ಲಿ ಇರುವುದು ಮಾತ್ರ ಮೂರಕ್ಕೂ ಸಮಾನ.

ಒಂದೇ ಕಂಪನಿಯ ಶೋರೂಮ್‌ಗಳ ಬಲ ಯಂತ್ರಗಳಲ್ಲಿದೆ. ಅಲಾಯ್‌ಗೆ ಗೀರು ಬೀಳದಂತೆ ಕಳಚುತ್ತಾರೆ, ಸ್ಟಾಕು ಹೊಸದು, ವಾರಂಟಿ ಕಾರ್ಡು ಕೇಳದೆಯೇ ಕೈಗೆ ಬರುತ್ತದೆ. ದೌರ್ಬಲ್ಯ ಹೊಂದಾಣಿಕೆಯಲ್ಲಿ. ನಿಮ್ಮ ಕಾರಿನಲ್ಲಿ ಸಿಯೆಟ್ ಇದ್ದು ಅಂಗಡಿ ಎಂ.ಆರ್.ಎಫ್.ದಾದರೆ ಅವರಿಗಿರುವ ಉತ್ತರ ಒಂದೇ, ಎರಡು ಹಾಕಿ. ಅವರ ಸ್ಥಿತಿಯಲ್ಲಿ ಅದು ತಪ್ಪೂ ಅಲ್ಲ, ಯಾಕೆಂದರೆ ಒಂದೇ ಆಕ್ಸಲ್‌ನಲ್ಲಿ ಎರಡು ಪ್ಯಾಟರ್ನ್ ಕೂಡದು. ಆದರೆ ಹಳೆಯ ಪ್ಯಾಟರ್ನ್ ಬೇರೆ ಕಡೆ ಸಿಕ್ಕೀತು ಎಂದು ಅವರಾಗಿ ಹೇಳುವುದನ್ನು ನಿರೀಕ್ಷಿಸಬೇಡಿ.

ಒಂಟಿ ಟಯರಿಗೆ ನಮ್ಮ ಆಯ್ಕೆ ಹಲವು ಬ್ರ್ಯಾಂಡ್ ಇಡುವ ಅಂಗಡಿ. ಅದೇ ಪ್ಯಾಟರ್ನ್ ಇಲ್ಲದಿದ್ದರೆ ಮಂಗಳೂರಿನಿಂದಲೋ ಕಣ್ಣೂರಿನಿಂದಲೋ ತರಿಸಿ ಕೊಡುವ ಮನಸ್ಸು ಇರುವುದು ಇಲ್ಲಿಯೇ. ಫೋನಿನಲ್ಲಿ ಸೈಜ್ ಮಾತ್ರ ಹೇಳಿದರೆ ಸಾಲದು. ಸೈಡ್‌ವಾಲಿನ ಸ್ಪಷ್ಟ ಫೋಟೊ ಕಳಿಸಿ. 185/65 ಆರ್ 15ರ ಮುಂದೆ ಇರುವ 88 ಎಚ್ ಎಂದರೆ ಟಯರೊಂದಕ್ಕೆ 560 ಕಿಲೊ ಭಾರ, ಗಂಟೆಗೆ 210 ಕಿ.ಮೀ. ಮಿತಿ, 88 ಟಿ ಎಂದರೆ 190. ‘ಇಲ್ಲಿ ಯಾರು 190ರಲ್ಲಿ ಹೋಗ್ತಾರೆ’ ಎಂದು ನಗುತ್ತ ಟಿ ಕೊಡುವವರಿದ್ದಾರೆ. ನಗು ಸರಿ, ಟಯರ್ ಸರಿಯಲ್ಲ: ಎಚ್ ಮತ್ತು ಟಿ ಟಯರಿನ ಒಳಗಿನ ರಚನೆಯೇ ಬೇರೆ ಇರಬಹುದು, ತಿರುವಿನಲ್ಲಿ ಎರಡೂ ಒಂದೇ ರೀತಿ ಬಾಗುವುದಿಲ್ಲ. ಈ ಅಂಗಡಿಗಳ ಇನ್ನೊಂದು ಖಯಾಲಿ, ತಿರುಗದೆ ಉಳಿದ ಹಳೆಯ ಸ್ಟಾಕನ್ನು ಒಂಟಿ ಗಿರಾಕಿಗೆ ದಾಟಿಸುವುದು. ತಯಾರಿಕೆಯ ವಾರ ನೋಡಿಯೇ ಡಿಸ್ಕಿಗೆ ಏರಿಸಲು ಬಿಡಿ. ಬೆಲೆ ಕೇಳುವಾಗ ತೆರಿಗೆಯನ್ನೂ ಗಮನಿಸಿ: ಕಾರ್ ಟಯರಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ 28ರ ಬದಲು ಶೇಕಡಾ 18.

ಮೂರನೆಯದು ರಸ್ತೆ ಬದಿಯ ಸೆಕೆಂಡ್‌ಹ್ಯಾಂಡ್ ಅಂಗಡಿ. ತತ್ತ್ವದಲ್ಲಿ ನೋಡಿದರೆ ಸವೆದ ಟಯರಿಗೆ ಅಷ್ಟೇ ಸವೆದ ಜೋಡಿ ಸಿಗುವ ಜಾಗ ಇದೊಂದೇ, ಕಡೆಗಣಿಸುವಂತಿಲ್ಲ. ಆದರೆ ಡಿಸ್ಕಿಗೆ ಏರಿಸುವ ಮೊದಲು ಟಯರಿನ ಒಳಗೆ ಟಾರ್ಚ್ ಹಾಕಿ ನೋಡಬೇಕು. ಗಾಳಿ ಇಲ್ಲದೆ ಓಡಿದ ಟಯರಿನಲ್ಲಿ ಸೈಡ್‌ವಾಲಿನ ಒಳಮೈ ಉಜ್ಜಿ ಸುತ್ತಲೂ ಕಪ್ಪು ಪಟ್ಟಿ ಬಿದ್ದಿರುತ್ತದೆ, ಕೈಗೆ ರಬ್ಬರಿನ ಪುಡಿ ಹತ್ತುತ್ತದೆ. ಬೀಡ್, ಅಂದರೆ ಡಿಸ್ಕನ್ನು ಕಚ್ಚಿ ಹಿಡಿಯುವ ಟಯರಿನ ಒಳ ಅಂಚು, ಹರಿದಿದೆಯೇ, ಒಳಗೆ ಹಳೆಯ ಪ್ಯಾಚ್ ಇದೆಯೇ ಎಂದೂ ನೋಡಿ. ಬೋಳು ಟಯರಿಗೆ ಕಾಲುವೆ ಕೊರೆದು ಹೊಸ ಗ್ರಿಪ್ ಮಾಡಿ ಮಾರುವುದುಂಟು. ಸವೆತದ ದಿಂಡುಗಳು ಕಾಣದಿದ್ದರೆ ಅಥವಾ ನಡುವೆ ಕತ್ತರಿಸಿದ ಗುರುತಿದ್ದರೆ ಅದೇ ಸಾಕ್ಷಿ. ನೋಡಲು ಬಿಡದ ಅಂಗಡಿಯಿಂದ ಎದ್ದು ಬನ್ನಿ.

ಕೂರಿಸುವ ಕೆಲಸದಲ್ಲಿ ಹೆಚ್ಚಿನವರು ಜಾರುವುದು ಸಣ್ಣ ವಿಷಯಗಳಲ್ಲಿ. ಹೊಸ ಟಯರಿಗೆ ಹೊಸ ರಬ್ಬರ್ ವಾಲ್ವ್ ಬೇಕು. ಹೊಂಡಕ್ಕೆ ಬಿದ್ದ ಡಿಸ್ಕನ್ನು ಬ್ಯಾಲೆನ್ಸಿಂಗ್ ಯಂತ್ರದಲ್ಲಿ ತಿರುಗಿಸಿ ಅಂಚು ಓಲಾಡುತ್ತದೆಯೇ ನೋಡಬೇಕು. ಬಾಗಿದ ಡಿಸ್ಕಿಗೆ ಎಷ್ಟು ಗ್ರಾಂ ಸೀಸ ಅಂಟಿಸಿದರೂ ನಡುಕ ಹೋಗುವುದಿಲ್ಲ. ಬೀಡ್ ಕೂರುವ ಜಾಗವನ್ನು ಉಜ್ಜಿ, ಪೇಸ್ಟ್ ಅಥವಾ ಸಾಬೂನು ನೀರು ಹಚ್ಚಬೇಕು. ಬಾಣದ ಗುರುತು ಇರುವ ಟಯರಿನಲ್ಲಿ ಬಾಣ ಮುಂದಕ್ಕೆ ತಿರುಗುವಂತಿರಬೇಕು. ಗಾಳಿಯೊತ್ತಡದ ಸೆನ್ಸರ್ ಡಿಸ್ಕಿನೊಳಗೆ ಇದ್ದರೆ ಕಳಚುವ ಮೊದಲೇ ಹೇಳಿ, ಬೀಡ್ ಬಿಡಿಸುವ ತೋಳು ಅದರ ಮೇಲೆ ಬಂದರೆ ಪುಡಿಯಾಗುತ್ತದೆ. ಸೆನ್ಸರ್ ಬದಲು ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಮೂಲಕ ಗಾಳಿಯೊತ್ತಡದ ಲೆಕ್ಕ ಹಾಕುವ ಕಾರಾದರೆ ಗಾಳಿ ತುಂಬಿದ ಮೇಲೆ ರೀಸೆಟ್ ಮಾಡಬೇಕು. ಇಲ್ಲದಿದ್ದರೆ ದೀಪ ಸುಮ್ಮಸುಮ್ಮನೆ ಉರಿಯುತ್ತಿರುತ್ತದೆ.

ಚಕ್ರಗಳ ಕೋನ ಸರಿಪಡಿಸುವ ಅಲೈನ್‌ಮೆಂಟ್ ಪ್ರತಿ ಸಲವೂ ಬೇಕಿಲ್ಲ. ಮೊಳೆ ಹೊಕ್ಕು ಹೋದ ಟಯರಾದರೆ, ಹಳೆಯದರ ಸವೆತವೂ ಸಮವಾಗಿದ್ದರೆ ಆ ದುಡ್ಡು ಉಳಿಸಿ. ಹೊಂಡದ ಪೆಟ್ಟಿಗೆ ಗುಳ್ಳೆ ಬಂದಿದ್ದರೆ ಅಥವಾ ಒಂದೇ ಅಂಚು ಸವೆದಿದ್ದರೆ ಮಾಡಿಸಲೇಬೇಕು, ಮೊದಲಿನ ಮತ್ತು ನಂತರದ ಅಂಕಿಗಳ ಪ್ರಿಂಟ್ ಕೇಳಿ ಪಡೆಯಿರಿ. ನೈಟ್ರೋಜನ್‌ಗೆ ಪ್ರತ್ಯೇಕ ದುಡ್ಡು ಅನಗತ್ಯ, ಸಾಮಾನ್ಯ ಗಾಳಿಯಲ್ಲೇ ಅದು ಶೇಕಡಾ 78 ಇದೆ.

ನಟ್ಟುಗಳ ವಿಷಯದಲ್ಲಿ ಮೂರೂ ತರಹದ ಅಂಗಡಿಗಳಿಗೆ ಅಂಕ ಕಡಿಮೆ. ಗಾಳಿ ಗನ್ನಿನಲ್ಲಿ ಕೊನೆಯವರೆಗೂ ಬಿಗಿದು ಬಿಡುತ್ತಾರೆ. ಸಣ್ಣ ಕಾರಿಗೆ ಬೇಕಾದದ್ದು ಸಾಮಾನ್ಯವಾಗಿ 100 ನ್ಯೂಟನ್ ಮೀಟರ್ ಆಸುಪಾಸು, ನಿಖರ ಅಂಕಿ ಮ್ಯಾನುವಲ್‌ನಲ್ಲಿದೆ. ಗನ್ನಿನ ಬಿಗಿತಕ್ಕೆ ನಟ್ ಕೂರುವ ಸ್ಟಡ್ ಎಳೆದುಹೋಗುತ್ತದೆ, ಮಳೆಯಲ್ಲಿ ದಾರಿ ಮಧ್ಯೆ ಸ್ಟೆಪ್ನಿ ಹಾಕಬೇಕಾದಾಗ ಕಾರಿನ ಸ್ಪ್ಯಾನರಿಗೆ ನಟ್ ಅಲುಗುವುದೇ ಇಲ್ಲ. ಕೈಯಲ್ಲಿ ಎದುರುಬದುರಾಗಿ ಕೂರಿಸಿ, ಕಾರು ನೆಲಕ್ಕಿಳಿದ ಮೇಲೆ ಟಾರ್ಕ್ ಸ್ಪ್ಯಾನರಿನಲ್ಲಿ ಮುಗಿಸಲು ಹೇಳಿ: ‘ಅಣ್ಣಾ, ಕೊನೆಗೆ ಗನ್ ಬೇಡ’ ಎಂದರೆ ಯಾರೂ ಬೇಸರಿಸುವುದಿಲ್ಲ. 50ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಇನ್ನೊಮ್ಮೆ ನೋಡಬೇಕು. ಗಾಳಿಯನ್ನು ಮರುದಿನ ಬೆಳಿಗ್ಗೆ ಟಯರ್ ತಣ್ಣಗಿರುವಾಗ, ಡ್ರೈವರ್ ಬಾಗಿಲ ಪಕ್ಕದ ಸ್ಟಿಕ್ಕರಿನ ಅಂಕಿಗೆ ಹೊಂದಿಸಿ. ಬಿಲ್ಲಿನಲ್ಲಿ ಟಯರಿನ ಸೀರಿಯಲ್ ನಂಬರ್ ಬರೆಸಿಕೊಳ್ಳಿ. ವಾರಂಟಿ ಕೇಳಲು ಹೋದಾಗ ಮೊದಲು ಕೇಳುವುದು ಅದನ್ನೇ.