ಐಸಿಡಿ-10-ಸಿಎಂ ಉಚಿತ ಕಡತಗಳು: ಗರ್ಭಿಣಿಯರ ಸ್ಕ್ರೀನಿಂಗ್ ಕೋಡಿಂಗ್‌ಗೆ ಇಷ್ಟು ಸಾಕೇ?

ಬೆಂಗಳೂರು, ಮೈಸೂರುಗಳಲ್ಲಿ ಕೂತು ಅಮೆರಿಕದ ರೋಗಿಗಳ ಚಾರ್ಟ್‌ಗಳಿಗೆ ವಿಮಾ ಕ್ಲೈಮ್‌ಗಾಗಿ ಕೋಡ್ ಹಾಕುವವರಲ್ಲಿ ಪ್ರಸೂತಿ ವಿಭಾಗ ಸಿಕ್ಕವರು ಮೊದಲು ಕೇಳುವುದು ಒಂದೇ: ಐಸಿಡಿ-10-ಸಿಎಂ, ಅಂದರೆ ಅಲ್ಲಿ ಬಳಸುವ ಡಯಾಗ್ನೋಸಿಸ್ (ರೋಗನಿರ್ಣಯ) ಕೋಡ್‌ಗಳನ್ನು ನೋಡಲು ದುಡ್ಡು ಕೊಟ್ಟು ಪುಸ್ತಕವನ್ನೋ ಸಾಫ್ಟ್‌ವೇರನ್ನೋ ಕೊಳ್ಳಲೇಬೇಕೇ? ದಿನದ ಕೆಲಸಕ್ಕಾದರೆ ಬೇಡ. ಅಲ್ಲಿನ ಸರ್ಕಾರಿ ಸಂಸ್ಥೆಗಳಾದ ಸಿಡಿಸಿ (ರೋಗ ನಿಯಂತ್ರಣ) ಮತ್ತು ಸಿಎಂಎಸ್ (ಸರ್ಕಾರಿ ಆರೋಗ್ಯ ವಿಮೆ) ತಮ್ಮ ಜಾಲತಾಣಗಳಲ್ಲಿ ಇಟ್ಟಿರುವ ಟ್ಯಾಬುಲರ್ ಲಿಸ್ಟ್ (ಕೋಡ್‌ಗಳ ಕ್ರಮಪಟ್ಟಿ), ಇಂಡೆಕ್ಸ್ (ಅಕಾರಾದಿ), ಗೈಡ್‌ಲೈನ್ಸ್ (ನಿಯಮಗಳು), ಅಡೆಂಡಾ (ಬದಲಾವಣೆಗಳ ಪಟ್ಟಿ) ಎಲ್ಲವೂ ಉಚಿತ. ಗರ್ಭಿಣಿಯರ ಸ್ಕ್ರೀನಿಂಗ್ ಮಟ್ಟಿಗೆ, ಒಂದೊಂದೇ ಕೋಡ್ ಬಿಡಿಸಿ ತೋರಿಸುವ ಹುಡುಕು ತಾಣಗಳಿಗಿಂತ ಇವು ಎಷ್ಟೋ ಮೇಲು.

ಕಾರಣ ಗರ್ಭಿಣಿಯರ ಸ್ಕ್ರೀನಿಂಗ್ ಕೋಡ್‌ಗಳ ಗುಂಪಾದ ಝಡ್36ರ ತಲೆಯಲ್ಲಿರುವ ಟಿಪ್ಪಣಿ. ರೋಗಲಕ್ಷಣ ಇಲ್ಲದವರಿಗೆ ಮಾಡುವ ಪರೀಕ್ಷೆಯೇ ಸ್ಕ್ರೀನಿಂಗ್ ಎಂದು ಅಲ್ಲಿ ಬರೆದಿದೆ. ಲಕ್ಷಣ ಕಂಡು ಮಾಡಿಸಿದ ಪರೀಕ್ಷೆಗೆ ಆ ಲಕ್ಷಣದ ಕೋಡ್ ಹಾಕಬೇಕು, ಭ್ರೂಣದ ತೊಂದರೆಯ ಶಂಕೆಯಿಂದ ಆರೈಕೆ ಬದಲಾಗಿದ್ದರೆ ಬಸಿರು-ಹೆರಿಗೆಯ 15ನೇ ಅಧ್ಯಾಯಕ್ಕೆ ಹೋಗಬೇಕು ಎಂದೂ ಎಕ್ಸ್‌ಕ್ಲೂಡ್ಸ್1 (ಈ ಕೋಡ್‌ಗೆ ಸೇರದವುಗಳ ಪಟ್ಟಿ) ಹೇಳುತ್ತದೆ. ಈ ಮಾತು ಕೆಳಗಿನ ಎಲ್ಲ ಕೋಡ್‌ಗಳಿಗೂ ಅನ್ವಯ. ನೇರವಾಗಿ ಝಡ್36.0 ಪುಟ ತೆರೆದವರ ಕಣ್ಣಿಗೆ ಇದು ಬೀಳದೇ ಹೋಗಬಹುದು.

2017ರ ಅಕ್ಟೋಬರ್ 1ರಿಂದ ಝಡ್36 ಒಂಟಿ ಕೋಡ್ ಅಲ್ಲ. ಕ್ರೋಮೋಸೋಮ್ ದೋಷದ ಸ್ಕ್ರೀನಿಂಗ್‌ಗೆ ಝಡ್36.0, ತಾಯಿಯ ರಕ್ತದಲ್ಲಿ ಎಎಫ್‌ಪಿ (ಭ್ರೂಣದಿಂದ ಬರುವ ಪ್ರೋಟೀನ್) ಏರಿಕೆಗೆ ಝಡ್36.1, ಅಂಗರಚನೆಯ ದೋಷಕ್ಕೆ ಝಡ್36.3, ಎನ್‌ಟಿ (ಭ್ರೂಣದ ಕತ್ತಿನ ಹಿಂದಿನ ದ್ರವದ ದಪ್ಪ) ಸ್ಕ್ಯಾನ್‌ಗೆ ಝಡ್36.82, ಗರ್ಭಕೊರಳಿನ ಉದ್ದಕ್ಕೆ ಝಡ್36.86. ಇಷ್ಟು ವಿವರ ಇರುವಾಗ ಚಾರ್ಟ್‌ನಲ್ಲಿ ಬರೀ 'ಪ್ರೀನೇಟಲ್ ಲ್ಯಾಬ್ಸ್' ಎಂದಿದ್ದರೆ ಯಾವ ಸ್ಕ್ರೀನಿಂಗ್ ಎಂದು ಹೇಳದ ಝಡ್36.9ಕ್ಕೆ ಇಳಿಯದೆ ಪ್ರೊವೈಡರ್‌ಗೆ (ವೈದ್ಯರಿಗೆ) ಕ್ವೆರಿ ಹಾಕಿ. ಯಾವ ಪರೀಕ್ಷೆ, ಯಾತಕ್ಕಾಗಿ, ಎಷ್ಟನೇ ವಾರದಲ್ಲಿ ಎಂಬ ಮೂರೂ ಬರಹದಲ್ಲಿರಬೇಕು. ವಾರ ಗೊತ್ತಾದರೆ ಬಸಿರಿನ ವಾರ ತಿಳಿಸುವ ಝಡ್3ಎ ಕೋಡ್ ತಾನಾಗಿ ಸಿಗುತ್ತದೆ. 12 ವಾರಕ್ಕೆ ಝಡ್3ಎ.12. ಟ್ರೈಮೆಸ್ಟರ್ ಲೆಕ್ಕವೂ ಗೈಡ್‌ಲೈನ್ಸ್‌ನಲ್ಲೇ ಇದೆ: 14 ವಾರ 0 ದಿನಕ್ಕೆ ಎರಡನೆಯದು, 28 ವಾರ 0 ದಿನಕ್ಕೆ ಮೂರನೆಯದು ಶುರು.

ತಾಯಿಯ ವಯಸ್ಸಿನ ವಿಷಯದಲ್ಲಿ ಎಡವುವವರು ಹೆಚ್ಚು. ಓ09.5 ಸಾಲು ನೋಡುವುದು ಹೆರಿಗೆಯ ನಿರೀಕ್ಷಿತ ದಿನದಂದು 35 ತುಂಬಿರುತ್ತದೆಯೇ ಎಂಬುದನ್ನು. ಪರೀಕ್ಷೆಗೆ ರಕ್ತ ಕೊಟ್ಟ ದಿನ 34 ಇದ್ದರೂ ಹೆರಿಗೆಯ ಹೊತ್ತಿಗೆ 35 ಆಗುವಂತಿದ್ದರೆ ಅದು ಈ ಸಾಲಿಗೇ ಸೇರುತ್ತದೆ. ಮೊದಲ ಬಸಿರಿಗೆ, ಮೊದಲ ಟ್ರೈಮೆಸ್ಟರ್‌ಗೆ ಓ09.511, ಮುಂಚೆ ಬಸಿರಾಗಿದ್ದವರಿಗೆ ಓ09.521. ಇಲ್ಲಿ ಮೊದಲಕ್ಷರ ಸೊನ್ನೆಯಲ್ಲ, ಇಂಗ್ಲಿಷಿನ ಓ. ಕೈಯಲ್ಲಿ ಟೈಪ್ ಮಾಡುವವರು ಗಮನಿಸಿ.

ಫಲಿತಾಂಶ ಬಂದ ಮೇಲೆ ಇನ್ನೂ ಎಚ್ಚರ ಬೇಕು. ಕ್ವಾಡ್‌ನ (ನಾಲ್ಕು ಅಂಶ ನೋಡುವ ರಕ್ತಪರೀಕ್ಷೆ) ರಕ್ತದ ಅಂಶಗಳಲ್ಲಿ ಏರುಪೇರು ಕಂಡರೆ ಓ28.1, ಎನ್‌ಟಿ ದಪ್ಪ ಕಂಡರೆ ಓ28.3, ಎನ್‌ಐಪಿಟಿ (ತಾಯಿಯ ರಕ್ತದಲ್ಲಿ ಭ್ರೂಣದ ಡಿಎನ್‌ಎ ನೋಡುವ ಪರೀಕ್ಷೆ) ಪಾಸಿಟಿವ್ ಆದರೆ ಓ28.5. ಸ್ಕ್ರೀನಿಂಗ್ ದಿನದ ಕ್ಲೈಮ್‌ನಲ್ಲಿ ಝಡ್36 ಮೊದಲು, ಕಂಡದ್ದು ಅದರ ಹಿಂದೆ. ಗರ್ಭಿಣಿ ಆ ಫಲಿತಾಂಶದ ಕಾರಣಕ್ಕೇ ಮತ್ತೆ ಬಂದ ದಿನ ಓ28 ಮೊದಲು. ಕ್ವಾಡ್ ಪಾಸಿಟಿವ್ ಎಂದ ಮಾತ್ರಕ್ಕೆ ಟ್ರೈಸೋಮಿ 21ರ (ಡೌನ್ ಸಿಂಡ್ರೋಮ್) ಓ35.13ಎಕ್ಸ್0ಗೆ ಹಾರಬೇಡಿ. ಭ್ರೂಣದ ಸ್ಥಿತಿಯಿಂದ ತಾಯಿಯ ಆರೈಕೆ ನಿಜಕ್ಕೂ ಬದಲಾಗಿದ್ದರೆ ಮಾತ್ರ ಓ35 ಎಂದು ಗೈಡ್‌ಲೈನ್ಸ್ ಸ್ಪಷ್ಟವಾಗಿದೆ. ಖಚಿತವಾಗದ ಡೌನ್ ಸಿಂಡ್ರೋಮ್ ಒಬ್ಬ ಹೆಣ್ಣುಮಗಳ ದಾಖಲೆಯಲ್ಲಿ ಕೂತರೆ ಅದು ಕ್ಲೈಮ್ ವಾಪಸ್ ಬರುವುದಕ್ಕಿಂತ ದೊಡ್ಡ ಅನ್ಯಾಯ. ಓ35.1 ಬಿಡಿಬಿಡಿಯಾಗಿ ಒಡೆದದ್ದು 2022ರ ಅಕ್ಟೋಬರ್‌ನಲ್ಲಿ. ನಡುವಿನ ಎಕ್ಸ್ ಬಿಟ್ಟರೆ ಕೋಡ್ ಅಮಾನ್ಯ.

ಈ ಕಡತಗಳ ದೊಡ್ಡ ಕೊರತೆ: ಸಿಪಿಟಿ (ಮಾಡಿದ ಪರೀಕ್ಷೆ, ಚಿಕಿತ್ಸೆಗಳ ಕೋಡ್) ಇದರಲ್ಲಿಲ್ಲ. ಅದರ ಹಕ್ಕು ಎಎಂಎ (ಅಮೆರಿಕನ್ ಮೆಡಿಕಲ್ ಅಸೋಸಿಯೇಷನ್) ಸಂಸ್ಥೆಯದು, ಅದಕ್ಕೆ ಲೈಸೆನ್ಸ್ ಬೇಕೇ ಬೇಕು. ಪ್ಯಾಪ್-ಎ ಮತ್ತು ಎಚ್‌ಸಿಜಿ ಎಂಬ ರಕ್ತದ ಅಂಶಗಳು ಸೇರಿದ ಮೊದಲ ಟ್ರೈಮೆಸ್ಟರ್ ಪರೀಕ್ಷೆಗೆ 81508, ಕ್ವಾಡ್‌ಗೆ 81511, ಎನ್‌ಐಪಿಟಿಯ ಸೀಕ್ವೆನ್ಸಿಂಗ್ ಪ್ಯಾನೆಲ್‌ಗೆ 81420, ಎನ್‌ಟಿ ಸ್ಕ್ಯಾನ್‌ಗೆ 76813, ಅವಳಿಯ ಎರಡನೇ ಮಗುವಿಗೆ 76814. 81508 ಹಾಕಿ ಅದರ ಜತೆಗೆ ಪ್ಯಾಪ್-ಎಯ 84163, ಎಚ್‌ಸಿಜಿಯ 84702 ಬಿಡಿಯಾಗಿ ಹಾಕಿದರೆ ಡಿನಯಲ್ (ಕ್ಲೈಮ್ ತಿರಸ್ಕಾರ) ಖಂಡಿತ. ಆ ವಿಶ್ಲೇಷಣೆಗಳೆಲ್ಲ 81508ರ ಹೊಟ್ಟೆಯಲ್ಲೇ ಇವೆ.

ಲ್ಯಾಬ್‌ಗೆ ಹೋಗುವ ಫಾರ್ಮ್ ಬಗ್ಗೆಯೂ ಈ ಕಡತಗಳು ಏನೂ ಹೇಳುವುದಿಲ್ಲ. ಜನ್ಮದಿನಾಂಕ, ತೂಕ, ಭ್ರೂಣಗಳ ಸಂಖ್ಯೆ, ಇನ್ಸುಲಿನ್ ಬೇಕಾದ ಮಧುಮೇಹ, ಐವಿಎಫ್ ಆಗಿದ್ದರೆ ಅಂಡಾಣು ಕೊಟ್ಟವರ ವಯಸ್ಸು, ವಾರ ಎಣಿಸಿದ್ದು ಮುಟ್ಟಿನ ದಿನದಿಂದಲೋ ಸ್ಕ್ಯಾನ್‌ನಿಂದಲೋ, ಇವೆಲ್ಲ ಫಾರ್ಮ್‌ನಲ್ಲಿ ಇರಬೇಕು. ತೂಕದ ಏಕಮಾನ ತಪ್ಪಿದರೆ ಆಗುವುದು ನೋಡಿ: 140 ಪೌಂಡ್ ಎಂದರೆ ಸುಮಾರು 63.5 ಕೆಜಿ. ಅದನ್ನು 140 ಕೆಜಿ ಎಂದು ತುಂಬಿದರೆ, ದಪ್ಪ ಮೈಯಲ್ಲಿ ಅಂಶ ತೆಳುವಾಗಿದೆ ಎಂದು ಲ್ಯಾಬ್‌ನ ಲೆಕ್ಕ ಎಎಫ್‌ಪಿಯ ಎಂಓಎಂ (ಆ ವಾರದ ಮಧ್ಯಮ ಮಟ್ಟದ ಎಷ್ಟು ಪಟ್ಟು ಎಂಬ ಅಂಕಿ) ಅನ್ನು ಮೇಲಕ್ಕೆ ಏರಿಸುತ್ತದೆ. ಇಲ್ಲದ ನರನಾಳ ದೋಷದ ಭಯ ಹುಟ್ಟುತ್ತದೆ. ವಾರ ತಪ್ಪಿದರೂ ಇದೇ ಗತಿ: ಎರಡನೇ ಟ್ರೈಮೆಸ್ಟರ್‌ನಲ್ಲಿ ಎಎಫ್‌ಪಿ ವಾರವಾರ ಏರುವುದರಿಂದ, 18 ವಾರದವರನ್ನು 16 ಎಂದು ಬರೆದರೆ ಸಹಜ ಮಟ್ಟವೂ ಹೆಚ್ಚಾಗಿ ಕಾಣುತ್ತದೆ.

ಬಳಕೆಯ ವಿಚಾರಕ್ಕೆ ಬಂದರೆ, ಟ್ಯಾಬುಲರ್ ಪಿಡಿಎಫ್ ಸಾವಿರ ಪುಟ ಮೀರುತ್ತದೆ, ಹಳೆಯ ಕಂಪ್ಯೂಟರ್‌ನಲ್ಲಿ ತೆರೆಯಲು ತಡಮಾಡುತ್ತದೆ. ಇನ್ನೊಂದು ಅಕ್ಷರ ಬೇಕು ಎಂದು ಬಣ್ಣದಲ್ಲಿ ಎಚ್ಚರಿಸುವ ಅಚ್ಚಿನ ಪುಸ್ತಕದ ಸೌಕರ್ಯವೂ ಇಲ್ಲ. ಆದರೆ ಅಡೆಂಡಾ ಬಹಳ ಒಳ್ಳೆಯದು; ಸೇರಿದ್ದು, ತೆಗೆದದ್ದು ಮಾತ್ರ ಅದರಲ್ಲಿ ಇರುವುದರಿಂದ ಓ ಮತ್ತು ಝಡ್ ಭಾಗ ಓದಲು ಹೆಚ್ಚು ಹೊತ್ತು ಬೇಡ. ಪ್ರತಿ ಅಕ್ಟೋಬರ್ 1ಕ್ಕೆ ಹೊಸ ಆವೃತ್ತಿ, ಏಪ್ರಿಲ್ 1ಕ್ಕೂ ಬದಲಾವಣೆ ಬರಬಹುದು. ಹಳೆಯ ವರ್ಷದ ಕಡತ ಅಳಿಸಬೇಡಿ. ಸೆಪ್ಟೆಂಬರ್ 30ರಂದು ಮಾಡಿದ ಪರೀಕ್ಷೆಯ ಕ್ಲೈಮ್ ನವೆಂಬರ್‌ನಲ್ಲಿ ಕೈಗೆ ಬಂದರೂ ಅದಕ್ಕೆ ಹಳೆಯ ಕೋಡ್‌ಗಳೇ ಸರಿ.