ಎರಡು ಪರ್ಸೆಂಟ್ ಬಡ್ಡಿಯ ಆಸೆಗೆ ಟ್ರಸ್ಟಿನ ಇಡುಗಂಟು ಸಿಕ್ಕಿಬಿದ್ದದ್ದು

ಉಡುಪಿ ಕಡೆಯ ಒಂದು ವಿದ್ಯಾರ್ಥಿವೇತನ ಟ್ರಸ್ಟ್. ಇಡುಗಂಟು 18 ಲಕ್ಷ, ವರ್ಷದ ಖರ್ಚು 6 ಲಕ್ಷ. ಅದರಲ್ಲಿ 16 ಲಕ್ಷವನ್ನು ಒಂದೇ ಪತ್ತಿನ ಸಹಕಾರಿ ಸಂಘದಲ್ಲಿ ಮೂರು ವರ್ಷಕ್ಕೆ ಎಫ್‌ಡಿ ಇಟ್ಟಿದ್ದರು. ಬ್ಯಾಂಕಿನಲ್ಲಿ ಶೇ. 7, ಸಂಘದಲ್ಲಿ ಶೇ. 9. ಹೆಚ್ಚಿಗೆ ಸಿಕ್ಕಿದ್ದು ವರ್ಷಕ್ಕೆ 32,000 ರೂಪಾಯಿ. ಜೂನ್‌ನಲ್ಲಿ ಮಕ್ಕಳ ಫೀಸಿಗೆಂದು ಹಣ ಕೇಳಿದರೆ ಮೊದಲು ‘ಮುಂದಿನ ವಾರ ಬನ್ನಿ’, ಆಮೇಲೆ ವಾರಕ್ಕೆ 20,000. ಹಾಗೆ ಲೆಕ್ಕ ಹಾಕಿದರೆ ಪೂರ್ತಿ ಕೈಸೇರಲು 80 ವಾರ.

ಇಟ್ಟದ್ದೇಕೆ? ‘ಸಂಘದ ಡೈರೆಕ್ಟರು ನಮ್ಮವರೇ.’ 1928ರಲ್ಲಿ ಪಿಗ್ಮಿ ಶುರುವಾದ ಊರಿದು. ಮುಖ ನೋಡಿ ದುಡ್ಡು ಕೊಡುವುದು ಇಲ್ಲಿ ಹಳೇ ರೂಢಿ. ಆದರೆ ಠೇವಣಿಗೆ ಡಿಐಸಿಜಿಸಿ (ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ನಿಗಮ) ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ. ಪತ್ತಿನ ಸಂಘಗಳಿಗೆ ಇಲ್ಲ. ಕೌಂಟರು, ಪಾಸ್‌ಬುಕ್ಕು, ಲಾಕರು ಎಲ್ಲ ಬ್ಯಾಂಕಿನಂತೆಯೇ ಇರುವುದರಿಂದ ಜನ ಏಮಾರುತ್ತಾರೆ.

ಇನ್ನೊಂದು ಪೆಟ್ಟು ಆಡಿಟ್‌ನಲ್ಲಿ ಬಿತ್ತು. ಟ್ರಸ್ಟಿನ ಹಣ ಎಲ್ಲಿಡಬಹುದೆಂದು ಆದಾಯ ತೆರಿಗೆ ಕಾಯ್ದೆ ಪಟ್ಟಿ ಕೊಟ್ಟಿದೆ: ಷೆಡ್ಯೂಲ್ಡ್ ಬ್ಯಾಂಕು, ಬ್ಯಾಂಕಿಂಗ್ ನಡೆಸುವ ಸಹಕಾರಿ ಸಂಸ್ಥೆ, ಅಂಚೆ ಉಳಿತಾಯ, ಸರ್ಕಾರಿ ಸಾಲಪತ್ರ ಇತ್ಯಾದಿ. ಪಟ್ಟಿಯಾಚೆ ಇಟ್ಟರೆ ತೆರಿಗೆ ವಿನಾಯಿತಿಗೇ ಕುತ್ತು. ಇಡುಗಂಟಿಗೆ, ಅಂದರೆ ಮೂಲನಿಧಿಗೆಂದು ಬಂದ ದೇಣಿಗೆಗೂ ಇದೇ ನಿಯಮ. ಜೊತೆಗೆ ‘ಇದು ಮೂಲನಿಧಿಗೆ’ ಎಂದು ದಾನಿ ಬರೆದುಕೊಟ್ಟ ಪತ್ರ ಫೈಲಿನಲ್ಲಿರಬೇಕು. ಈ ಟ್ರಸ್ಟಿನಲ್ಲಿ ಅದೂ ಇರಲಿಲ್ಲ, ರಸೀದಿಯಲ್ಲಿ ಬರೀ ‘ದೇಣಿಗೆ’.

ಇದೇ 18 ಲಕ್ಷವನ್ನು ಹೀಗಿಡಬಹುದಿತ್ತು: ಆರು ತಿಂಗಳ ಖರ್ಚಿನ 3 ಲಕ್ಷ ಉಳಿತಾಯ ಖಾತೆಯಲ್ಲಿ, ಉಳಿದದ್ದು ಬೇರೆ ನಾಲ್ಕು ಬ್ಯಾಂಕುಗಳಲ್ಲಿ ಮೂರೂಮುಕ್ಕಾಲು ಲಕ್ಷದಂತೆ. ವಿಮೆ ಒಬ್ಬ ಠೇವಣಿದಾರರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ, ಅಸಲು ಬಡ್ಡಿ ಸೇರಿ. ಅದೇ ಬ್ಯಾಂಕಿನ ಮಲ್ಪೆ, ಮಣಿಪಾಲ, ಕಾಪು ಶಾಖೆಗಳಲ್ಲಿ ಹಂಚಿಟ್ಟರೂ ಎಲ್ಲ ಒಂದೇ ಲೆಕ್ಕ. ರಿಸರ್ವ್ ಬ್ಯಾಂಕ್ ಹಣ ತೆಗೆಯುವುದನ್ನು ನಿರ್ಬಂಧಿಸಿದರೆ ವಿಮೆಯ ಮೊತ್ತ 90 ದಿನದೊಳಗೆ ಸಿಗುವಂತೆ 2021ರ ತಿದ್ದುಪಡಿ ಮಾಡಿದೆ. ಬಡ್ಡಿಯನ್ನು ಮೂರು ತಿಂಗಳಿಗೊಮ್ಮೆ ಉಳಿತಾಯ ಖಾತೆಗೆ ಹಾಕಿಸಿಕೊಂಡರೆ ಮಿತಿ ದಾಟುವುದಿಲ್ಲ.

ಎಫ್‌ಡಿಗಳು ಮುಗಿಯುವ ದಿನ ಏಪ್ರಿಲ್–ಮೇಯಲ್ಲಿ ಬರಲಿ, ಫೀಸಿನ ಮೊದಲು. ಎಫ್‌ಡಿ ಬಾಂಡು ಟ್ರಸ್ಟಿನ ಹೆಸರು, ಟ್ರಸ್ಟಿನ ಪ್ಯಾನ್‌ನಲ್ಲೇ ಇರಲಿ, ಕೋಶಾಧಿಕಾರಿಯದ್ದರಲ್ಲಿ ಖಂಡಿತ ಬೇಡ. ತನ್ನಷ್ಟಕ್ಕೆ ರಿನ್ಯೂ ಆಗುವಂತೆ ಫಾರ್ಮಿನಲ್ಲಿ ಟಿಕ್ ಹಾಕಬೇಡಿ. ಅವಧಿ ಮುಗಿದಾಗಲೆಲ್ಲ ಸಭೆಯಲ್ಲಿ ಠರಾವು ಮಾಡಿ, ಇಬ್ಬರ ಸಹಿಯಿಂದಲೇ ಮುಂದುವರಿಸಿ.